ಹಿಮದ ನಾಡಿನಲ್ಲಿ ಹುಲ್ಲಿನ ಗೋಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಭಾಗದ ಮಣ್ಣಿನ ಮಾಳಿಗೆ ಮನೆಗಳ ಬಗ್ಗೆ ಉತ್ತರಿಸುವಾಗ, ಚಳಿ ದೇಶಗಳಲ್ಲಿ ಒಣಹುಲ್ಲನ್ನು ಯಂತ್ರದಲ್ಲಿ ಒತ್ತಿ ಕಟ್ಟಿದ ಬೇಲುಗಳನ್ನು ಇಟ್ಟಿಗೆಯಂತೆ ಜೋಡಿಸಿ ಗೋಡೆ ಎಬ್ಬಿಸುವ ಪದ್ಧತಿಯೂ ಉಂಟು ಎಂದು ಒಂದೇ ಸಾಲು ಬರೆದಿದ್ದೆ. ಮಾಳಿಗೆಯ ಬಗ್ಗೆ ಬರೆದ ಎರಡು ಪುಟಗಳಿಗೆ ಬಾರದಷ್ಟು ಪತ್ರಗಳು ಆ ಒಂದು ಸಾಲಿಗೆ ಬಂದಿವೆ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಬಂದವುಗಳಲ್ಲಿ ಆರನ್ನು ಆರಿಸಿ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ನೆಲೆಸಿದ್ದಾರೆ. ಊರ ಹೊರಗೆ ಜಾಗ ಕೊಂಡು ಹುಲ್ಲಿನ ಬೇಲುಗಳ ಮನೆ ಕಟ್ಟಬೇಕೆಂದು ಸೊಸೆ ಹಟ ಹಿಡಿದಿದ್ದಾಳೆ. ಇಲ್ಲಿ ಡಿಸೆಂಬರಿನಲ್ಲಿ ಉಷ್ಣಾಂಶ 10 ಡಿಗ್ರಿಗೆ ಇಳಿದರೇ ನಾವು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂಡುತ್ತೇವೆ. ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದಂತೆ. ಹುಲ್ಲಿನ ಮನೆ ಎಂದರೆ ನಮ್ಮ ಪಾಲಿಗೆ ಗುಡಿಸಲು. ಅವರು ಹಣ ಹಾಕುವ ಮೊದಲು ತಮ್ಮ ಅಭಿಪ್ರಾಯ ತಿಳಿಯಬೇಕಾಗಿದೆ.
(ನಿವೃತ್ತ ಮುಖ್ಯೋಪಾಧ್ಯಾಯರು, ಬೀದರ್)

ಉತ್ತರ: ಗುರುಗಳೇ, ಗುಡಿಸಲಿನ ಚಿತ್ರವನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಗುಡಿಸಲಿನಲ್ಲಿ ಹುಲ್ಲು ಮಳೆಗೆ ಮೈಯೊಡ್ಡಿ ಮೇಲೆ ಮಲಗಿರುತ್ತದೆ. ಈ ಪದ್ಧತಿಯಲ್ಲಿ ಹುಲ್ಲು ಎರಡೂ ಕಡೆ ಗಿಲಾವಿನ ನಡುವೆ, ಗಾಳಿಯಾಡದಂತೆ, ಹೊರಗೆ ಒಂದು ಎಳೆಯೂ ಕಾಣದಂತೆ ಅಡಗಿರುತ್ತದೆ. ಗಿಲಾವು ಮುಗಿದ ಮೇಲೆ ಆ ಗೋಡೆಯನ್ನು ನೋಡಿದವರಿಗೆ ಒಂದೂವರೆ ಅಡಿ ದಪ್ಪದ ನಮ್ಮ ಹಳೆಯ ವಾಡೆಯ ಗೋಡೆಯ ನೆನಪಾಗುತ್ತದೆಯೇ ಹೊರತು ಹುಲ್ಲಿನ ನೆನಪಾಗುವುದಿಲ್ಲ.

ಇದು ಹೊಸ ಹುಚ್ಚೂ ಅಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮರಳು ದಿಬ್ಬಗಳ ಸೀಮೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದು ನೆಲೆಸಿದವರಿಗೆ ಕಟ್ಟಲು ಮರವಿರಲಿಲ್ಲ, ಮಣ್ಣು ಮರಳಾದ್ದರಿಂದ ಹೆಂಟೆಯಾಗಿ ಏಳುತ್ತಿರಲಿಲ್ಲ. ಇದ್ದದ್ದು ಹುಲ್ಲು ಮತ್ತು ಅದೇ ಕಾಲಕ್ಕೆ ಬಳಕೆಗೆ ಬಂದ, ಕುದುರೆಗಳಿಂದ ನಡೆಯುವ ಬೇಲ್ ಕಟ್ಟುವ ಯಂತ್ರ. ಬೇರೆ ಮನೆ ಆಗುವ ತನಕ ಇರಲಿ ಎಂದು ಕಟ್ಟಿಕೊಂಡ ಆ ಮನೆಗಳು ಅಲ್ಲಿಯ ಹಿಮಗಾಳಿಯಲ್ಲಿ ಬೆಚ್ಚಗಿರುವುದನ್ನು ಕಂಡು ಜನ ಅವನ್ನೇ ಗಿಲಾವು ಮಾಡಿ ಕಾಯಂ ಮಾಡಿಕೊಂಡರು. ಅದೇ ಸೀಮೆಯ ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಹುಲ್ಲಿನ ಬೇಲುಗಳಿಂದ ಕಟ್ಟಿದ ಚರ್ಚ್ ಈಗಲೂ ಇದೆ. ಫ್ರಾನ್ಸಿನ ಮೋಂತಾರ್ಜಿ ಪಟ್ಟಣದಲ್ಲಿ 1920ರಲ್ಲಿ ಮರದ ಚೌಕಟ್ಟಿನೊಳಗೆ ಬೇಲುಗಳನ್ನು ತುಂಬಿ ಕಟ್ಟಿದ ಮನೆಯೂ ನಿಂತಿದೆ. ನೂರು ವರ್ಷ ಬಾಳಿದ ಗೋಡೆಯನ್ನು ಗುಡಿಸಲು ಎನ್ನುವುದು ನ್ಯಾಯವಲ್ಲ.

ಚಳಿಯ ಲೆಕ್ಕ ಹೀಗಿದೆ. ಎರಡೂ ಕಡೆ ಗಿಲಾವು ಮಾಡಿದ ನಮ್ಮ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಪ್ರತಿ ಚದರ ಮೀಟರಿಗೆ ಸುಮಾರು 2 ವ್ಯಾಟ್ ಶಾಖ ಹೊರಟುಹೋಗುತ್ತದೆ. ಸುಮಾರು 45 ಸೆಂಟಿಮೀಟರ್ ದಪ್ಪದ, ಚೆನ್ನಾಗಿ ಗಿಲಾವಾದ ಹುಲ್ಲಿನ ಗೋಡೆಯಲ್ಲಿ ಅದು 0.2 ವ್ಯಾಟಿನ ಆಸುಪಾಸು. ಹೊರಗೋಡೆ ಒಟ್ಟು 100 ಚದರ ಮೀಟರ್, ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 25 ಕೆಳಗೆ ಎಂದಿಟ್ಟುಕೊಂಡರೆ ಇಟ್ಟಿಗೆ ಗೋಡೆ 9,000 ವ್ಯಾಟ್ ಕಳೆಯುತ್ತದೆ, ಹುಲ್ಲಿನ ಗೋಡೆ 900 ವ್ಯಾಟ್. ನಮ್ಮ ಮನೆಗಳಲ್ಲಿ ಚಳಿಗಾಲಕ್ಕೆ ಹೊರತೆಗೆಯುವ ಒಂದು ಸಾವಿರ ವ್ಯಾಟಿನ ಹೀಟರ್ ಒಂದು ಸಾಕಾಗುವ ಕಡೆ ಒಂಬತ್ತು ಬೇಕಾದಂತೆ ಆಯಿತು.

ಆದರೆ ಈ ಲೆಕ್ಕವನ್ನು ಹೀಗೆಯೇ ಮಗನಿಗೆ ಓದಿ ಹೇಳಿದರೆ ಅವರು ನಕ್ಕಾರು, ಏಕೆಂದರೆ ಆಲ್ಬರ್ಟಾದಲ್ಲಿ ಯಾರೂ ಬರೀ ಇಟ್ಟಿಗೆಯ ಮನೆ ಕಟ್ಟುವುದಿಲ್ಲ. ಅಲ್ಲಿಯ ಸಾಮಾನ್ಯ ಮನೆ ಮರದ ಚೌಕಟ್ಟಿನದು, ನಡುವೆ ಗಾಜಿನ ನಾರಿನ ಹಾಸು ತುಂಬಿದ್ದು. ಅದರ ಶಾಖತಡೆಯನ್ನು ಅವರ ಅಳತೆಯಲ್ಲಿ 20 ಎಂದು ಹಿಡಿದರೆ ಹುಲ್ಲಿನ ಗೋಡೆಯದು 27ರಿಂದ 30. ಅಂದರೆ ಲಾಭವಿದೆ, ಆದರೆ ಅದು ಒಂದಕ್ಕೆ ಒಂದೂವರೆ ಪಟ್ಟು, ಹತ್ತು ಪಟ್ಟಲ್ಲ. ಹುಲ್ಲಿನ ಮನೆಯ ಬಗ್ಗೆ ಉತ್ಸಾಹದಿಂದ ಮಾತಾಡುವವರು ಯಾವಾಗಲೂ ಅತಿ ಕಳಪೆ ಗೋಡೆಯನ್ನೇ ಹೋಲಿಕೆಗೆ ಆರಿಸಿಕೊಳ್ಳುತ್ತಾರೆ. ಅದನ್ನು ನೋಡಿ ಮರುಳಾಗಬಾರದು. ಮೇಲಾಗಿ ಗೋಡೆ ಎಷ್ಟೇ ಬೆಚ್ಚಗಿದ್ದರೂ ಛಾವಣಿ, ಕಿಟಕಿ, ಸಂದುಗಳಿಂದ ನುಸುಳುವ ಗಾಳಿ ಇವು ಮೂರು ಸರಿಯಿಲ್ಲದಿದ್ದರೆ ಆ ದಪ್ಪ ಗೋಡೆ ಬರೀ ಜಾಗ ತಿನ್ನುತ್ತದೆ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಸೊಸೆಯವರ ಹಟದಲ್ಲಿ ಹುರುಳಿದೆ. ಅವರನ್ನು ಚಳಿಯ ಬಗ್ಗೆ ಕೇಳಬೇಡಿ, ನೀರಿನ ಬಗ್ಗೆ ಕೇಳಿ. ಬೇಲುಗಳೇ ಛಾವಣಿಯ ಭಾರ ಹೊರುವ ನೆಬ್ರಾಸ್ಕಾ ಪದ್ಧತಿಯೋ, ಮರದ ಕಂಬ ತೊಲೆಗಳು ಭಾರ ಹೊತ್ತು ಬೇಲುಗಳು ನಡುವೆ ತುಂಬಿಕೊಳ್ಳುವ ಪದ್ಧತಿಯೋ ಎಂಬುದನ್ನು ಮೊದಲು ವಿಚಾರಿಸಿ. ಮೊದಲನೆಯದರಲ್ಲಿ ಬೇಲುಗಳು ಛಾವಣಿಯ ಮತ್ತು ಹಿಮದ ತೂಕಕ್ಕೆ ಕುಸಿದು ಕೂರುವ ತನಕ ಗಿಲಾವು ಹಿಡಿಯುವಂತಿಲ್ಲ, ಅಷ್ಟರಲ್ಲಿ ಒಂದು ಮಳೆ ಬಂದರೆ ಹಾಕಿದ ಹಣ ಹೋದಂತೆ. ಎರಡನೆಯದರಲ್ಲಿ ಕಂಬ ನಿಲ್ಲಿಸಿ, ಛಾವಣಿ ಹೊದಿಸಿ, ಆಮೇಲೆ ಅದರ ನೆರಳಿನಲ್ಲಿ ಬೇಲುಗಳನ್ನು ಒಣಗಿದ್ದಂತೆಯೇ ಜೋಡಿಸಬಹುದು. ಹಿಮ ಬೀಳುವ, ಕಟ್ಟುವ ಕಾಲ ಕಿರಿದಾಗಿರುವ ಸೀಮೆಯಲ್ಲಿ ನಾನಾದರೆ ಎರಡನೆಯದನ್ನು ಬಿಟ್ಟು ಬೇರೆ ಯೋಚಿಸುವುದಿಲ್ಲ. ಪರವಾನಗಿಯ ವಿಷಯದಲ್ಲಿ, ಅಮೆರಿಕದ ಮಾದರಿ ವಸತಿ ಕಟ್ಟಡ ಸಂಹಿತೆಯ 2015ರ ಆವೃತ್ತಿಯಲ್ಲಿ ಹುಲ್ಲಿನ ಬೇಲುಗಳಿಗೆಂದೇ ಒಂದು ಅನುಬಂಧ ಸೇರಿದೆ. ಅದು ಕೆನಡಾಕ್ಕೆ ನೇರವಾಗಿ ಅನ್ವಯಿಸದಿದ್ದರೂ ಎಂಜಿನಿಯರರ ಮುಂದೆ ಇಟ್ಟು ಮಾತಾಡಲು ಒಳ್ಳೆಯ ದಾಖಲೆ.

ಪ್ರಶ್ನೆ: ನಾನು 30 ವರ್ಷದಿಂದ ಗೌಂಡಿ ಕೆಲಸ ಮಾಡುತ್ತಿದ್ದೇನೆ. ಹುಲ್ಲಿನ ಗೋಡೆಗೆ ಮಣ್ಣು ಇಲ್ಲವೆ ಸುಣ್ಣದ ಗಿಲಾವನ್ನೇ ಮಾಡಬೇಕೆಂದು ಕೇಳಿದ್ದೇನೆ. ಜಾಳಿಗೆ ಬಡಿದು ಗಟ್ಟಿ ಸಿಮೆಂಟ್ ಗಿಲಾವು ಮಾಡಿ, ಮೇಲೆ ನೀರು ಹಿಡಿಯದ ಬಣ್ಣ ಹೊಡೆದರೆ ಹುಲ್ಲಿಗೆ ನೀರು ತಾಗುವ ಮಾತೇ ಇಲ್ಲವಲ್ಲ?
(ಓದುಗರು, ಹುಮನಾಬಾದ್)

ಉತ್ತರ: ಮೇಸ್ತ್ರಿಯವರೇ, ಬಂದ ಪತ್ರಗಳಲ್ಲೆಲ್ಲ ವಿಷಯದ ಬೇರಿಗೆ ಕೈ ಹಾಕಿದ ಪ್ರಶ್ನೆ ನಿಮ್ಮದು. ನೀರು ಹೊರಗಿನಿಂದ ಮಾತ್ರ ಬರುವುದಾದರೆ ನೀವು ಹೇಳಿದ್ದು ಸರಿಯಾಗುತ್ತಿತ್ತು. ಚಳಿ ದೇಶದ ಮನೆಯಲ್ಲಿ ನೀರು ಒಳಗಿನಿಂದಲೂ ಬರುತ್ತದೆ. ನಾಲ್ಕು ಜನರ ಸಂಸಾರದ ಉಸಿರು, ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಒಂದು ಕೊಡದಷ್ಟು ನೀರು ಹಬೆಯಾಗಿ ಮನೆಯ ಗಾಳಿಗೆ ಸೇರುತ್ತದೆ. ನಮ್ಮಲ್ಲಿ ಕಿಟಕಿ ಬಾಗಿಲು ತೆರೆದೇ ಇರುವುದರಿಂದ ಅದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಆರು ತಿಂಗಳು ಕಿಟಕಿ ಮುಚ್ಚಿಕೊಂಡು ಬದುಕುವ ಕಡೆ ಅದು ಹೋಗಲು ದಾರಿ ಹುಡುಕುತ್ತದೆ, ಮತ್ತು ಸಿಗುವ ದಾರಿಗಳಲ್ಲಿ ಗೋಡೆಯೂ ಒಂದು.

ಬೆಚ್ಚನೆಯ ಗಾಳಿ ಹೆಚ್ಚು ಹಬೆ ಹೊರುತ್ತದೆ, ತಣ್ಣನೆಯ ಗಾಳಿ ಕಡಿಮೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರನ್ನು ಹಬೆಯಾಗಿ ಹೊರಬಲ್ಲದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ ಒಂದು ಗ್ರಾಮಿನ ಆಸುಪಾಸು ಮಾತ್ರ. ಕೋಣೆಯಲ್ಲಿ 20 ಡಿಗ್ರಿ ಉಷ್ಣಾಂಶ, ಶೇಕಡಾ 40 ಆರ್ದ್ರತೆ ಇದ್ದರೆ ಆ ಗಾಳಿ 6 ಡಿಗ್ರಿಗೆ ತಣಿದ ಕೂಡಲೇ ಇಬ್ಬನಿ ಕಟ್ಟುತ್ತದೆ. ಒಳಗೆ 20, ಹೊರಗೆ ಸೊನ್ನೆಗಿಂತ 20 ಕೆಳಗೆ ಇರುವಾಗ ಗೋಡೆಯ ದಪ್ಪದಲ್ಲಿ ಒಳಗಿನಿಂದ ಮೂರನೆಯ ಒಂದು ಭಾಗ ದಾಟುವಷ್ಟರಲ್ಲಿ ಆ 6 ಡಿಗ್ರಿ ಬಂದುಬಿಡುತ್ತದೆ. ಅಲ್ಲಿಂದ ಹೊರಮೈವರೆಗಿನ ಹುಲ್ಲೆಲ್ಲ ಇಬ್ಬನಿ ಬೀಳಬಹುದಾದ ಜಾಗ. ಈಗ ಹೊರಗಡೆ ನೀರೂ ಹಬೆಯೂ ದಾಟದ ಸಿಮೆಂಟ್ ಮತ್ತು ಬಣ್ಣದ ಕವಚ ತೊಡಿಸಿದರೆ ಏನಾಗುತ್ತದೆಂದು ನೀವೇ ಊಹಿಸಬಲ್ಲಿರಿ. ಒಳಗೆ ಬಂದ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲ. ಸಾಲದ್ದಕ್ಕೆ ಗಟ್ಟಿ ಸಿಮೆಂಟ್ ಮೆತ್ತನೆಯ ಹುಲ್ಲಿನ ಮೇಲೆ ಕೂದಲೆಳೆಯಷ್ಟು ಸೀಳು ಬಿಡದೆ ಇರುವುದಿಲ್ಲ. ಆ ಸೀಳಿನಿಂದ ಮಳೆನೀರು ಒಳಗಿಳಿಯುತ್ತದೆ, ಒಣಗುವಾಗ ಮಾತ್ರ ಕವಚ ಅಡ್ಡ ಬರುತ್ತದೆ.

ಹೀಗಾಗಿ ನಿಯಮ ಏನೆಂದರೆ, ಚಳಿ ಸೀಮೆಯಲ್ಲಿ ಒಳಮೈ ಹೊರಮೈಗಿಂತ ಬಿಗಿಯಾಗಿರಬೇಕು, ಹೊರಮೈ ಹಬೆಯನ್ನು ಬಿಟ್ಟುಕೊಡುವಂತಿರಬೇಕು. ಒಳಗೆ ದಪ್ಪನಾದ ಮಣ್ಣಿನ ಗಿಲಾವು, ಹೊರಗೆ ಸುಣ್ಣದ ಗಿಲಾವು ಎನ್ನುವುದು ಬರೀ ಹಳೆಯದರ ಮೇಲಿನ ಮೋಹವಲ್ಲ. ಒಳಗಿನ ಗಿಲಾವು ಎಲ್ಲೂ ಕಡಿಯದೆ ನೆಲದಿಂದ ಛಾವಣಿಯವರೆಗೆ ಒಂದೇ ಮೈಯಾಗಿರಬೇಕು, ಏಕೆಂದರೆ ಗಿಲಾವಿನ ಮೂಲಕ ಮೆಲ್ಲಗೆ ಜಿನುಗುವ ಹಬೆಗಿಂತ ಒಂದು ಸಂದಿನಿಂದ ನುಗ್ಗುವ ಗಾಳಿ ಹೊತ್ತೊಯ್ಯುವ ನೀರು ಬಹಳ ಪಟ್ಟು ಹೆಚ್ಚು. ಸಂದು ಬೀಳುವ ಜಾಗಗಳು ನಿಮಗೆ ಗೊತ್ತಿದ್ದವೇ: ಗೋಡೆ ಛಾವಣಿಗೆ ತಾಗುವಲ್ಲಿ, ಕಿಟಕಿಯ ಚೌಕಟ್ಟಿನ ಸುತ್ತ, ಕರೆಂಟಿನ ಡಬ್ಬಿ ಕೂಡಿಸಿದ ಕಡೆ.

ಬೀದರ ಕೋಟೆಯ ಗಚ್ಚನ್ನು ನೋಡಿ ಬೆಳೆದವರಿಗೆ ಸುಣ್ಣ ಎಷ್ಟು ಕಾಲ ನಿಲ್ಲುತ್ತದೆಂದು ನಾನು ಹೇಳಬೇಕಾಗಿಲ್ಲ. ಆದರೆ ಹಿಮದ ಸೀಮೆಯಲ್ಲಿ ಸುಣ್ಣಕ್ಕೆ ಒಂದು ತೊಡಕಿದೆ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುವಂಥದ್ದು. ಹಸಿ ಇರುವಾಗಲೇ ಹೆಪ್ಪುಗಟ್ಟಿದರೆ ಒಳಗಿನ ನೀರು ಹಿಗ್ಗಿ ಗಿಲಾವು ಪುಡಿಯಾಗಿ ಉದುರುತ್ತದೆ. 5 ಡಿಗ್ರಿಗಿಂತ ಕೆಳಗೆ ಕೆಲಸವೇ ಹಿಡಿಯಬಾರದು. ಇಲ್ಲಿ ನಾವು ಸುಣ್ಣದ ಗಿಲಾವಿಗೆ ಬಿಸಿಲು ತಾಗದಂತೆ ಗೋಣಿತಟ್ಟು ಹೊದಿಸುತ್ತೇವೆ, ಅಲ್ಲಿ ಹಿಮ ತಾಗದಂತೆ ಹೊದಿಸುತ್ತಾರೆ.

ಹೊರಗಿನ ನೀರಿನ ಮಾತು ಚಿಕ್ಕದು. ಸೂರು ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಬೇಕು. ಮೊದಲ ಸಾಲಿನ ಬೇಲು ನೆಲಕ್ಕೆ ತಾಗದೆ, ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲೆ, ತೇವ ಏರದಂತೆ ಹಾಳೆ ಹಾಸಿ, ಅದರ ಮೇಲೆ ಮರದ ಪಟ್ಟಿಗಳ ನಡುವೆ ಗರಸು ತುಂಬಿ ಕೂರಬೇಕು. ಹಿಮ ಗೋಡೆಗೆ ಒತ್ತಿಕೊಂಡು ರಾಶಿ ಬಿದ್ದು, ವಸಂತದಲ್ಲಿ ಅಲ್ಲೇ ಕರಗುವ ಸೀಮೆಯಾದರೆ ಕಟ್ಟೆಯನ್ನು ಇನ್ನೂ ಎತ್ತರಿಸಬೇಕು. ಎಲ್ಲಕ್ಕಿಂತ ಹೆಚ್ಚು ಗೋಡೆಗಳು ಹಾಳಾಗುವುದು ಕಿಟಕಿಯ ಕೆಳಗೆ. ಹೊಸಿಲ ಕಲ್ಲು ಹೊರಕ್ಕೆ ವಾಟವಿಲ್ಲದೆ ಕೂತರೆ ಮೂಲೆಯಿಂದ ನೀರು ಸೋರಿ ನೇರವಾಗಿ ಬೇಲಿನ ಹೊಟ್ಟೆಗೆ ಇಳಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಬೇಲಿನ ತೇವ ತೂಕದಲ್ಲಿ ಶೇಕಡಾ 20 ಮೀರಬಾರದು ಎಂಬುದು ಎಲ್ಲ ಕಡೆ ಒಪ್ಪಿದ ಗಡಿ. ಚಿಕ್ಕಂದಿನಲ್ಲಿ ನಮ್ಮ ಕಣದಲ್ಲಿ ಅರ್ಧ ಒಣಗಿದ ಹುಲ್ಲನ್ನು ಅವಸರದಲ್ಲಿ ಬಣವಿಗೆ ಒಟ್ಟಿದ್ದರು; ಎಂಟು ದಿನ ಬಿಟ್ಟು ಅಜ್ಜ ನಡುವೆ ಕೈ ತೂರಿಸಿ ತಟ್ಟನೆ ಹಿಂದೆಗೆದುಕೊಂಡದ್ದು ನನಗೆ ನೆನಪಿದೆ. ಒಳಗೆ ರೊಟ್ಟಿಯ ಹಂಚಿನಂತೆ ಕಾದಿತ್ತು, ಕಿತ್ತು ಹರಡಿದರೆ ಕಪ್ಪಾಗಿ ಬೂಸರು ಹಿಡಿದಿತ್ತು. ಬಣವಿಯನ್ನಾದರೆ ಕಿತ್ತು ಹರಡಬಹುದು, ಗೋಡೆಯನ್ನು ಹಾಗೆ ಮಾಡಲಾಗದು. ಕಡು ಚಳಿಯಲ್ಲಿ ಬೂಸರು ಬೆಳೆಯುವುದಿಲ್ಲ ಎಂಬುದು ನಿಜ, ಹೆಪ್ಪುಗಟ್ಟಿದ ತೇವ ಸುಮ್ಮನೆ ಬಿದ್ದಿರುತ್ತದೆ. ಅಪಾಯ ಬರುವುದು ಹಿಮ ಕರಗಿ ಗೋಡೆ ಬೆಚ್ಚಗಾಗುವ ವಸಂತದಲ್ಲಿ. ಆ ಕೆಲವು ವಾರಗಳಲ್ಲಿ ಗೋಡೆ ಎಷ್ಟು ಬೇಗ ಒಣಗುತ್ತದೆ ಎಂಬುದರ ಮೇಲೆ ಅದರ ಆಯಸ್ಸು ನಿಂತಿದೆ, ನಿಮ್ಮ ನೀರು ಹಿಡಿಯದ ಬಣ್ಣ ಕೆಲಸ ಕೆಡಿಸುವುದೂ ಆಗಲೇ.

ಪ್ರಶ್ನೆ: ಹುಲ್ಲಿನ ಗೋಡೆ ಎಂದರೆ ಬೆಂಕಿ, ಇಲಿ, ಗೆದ್ದಲು ಮೂರನ್ನೂ ಮನೆಗೆ ಕರೆದಂತಲ್ಲವೇ?
(ಗೃಹಿಣಿ, ಸೇಡಂ)

ಉತ್ತರ: ಅಕ್ಕನವರೇ, ಬಿಡಿ ಹುಲ್ಲಿಗೆ ಕಡ್ಡಿ ಗೀರಿದರೆ ಭಗ್ಗೆನ್ನುತ್ತದೆ, ಆದರೆ ದಪ್ಪ ಪುಸ್ತಕವನ್ನು ಮುಚ್ಚಿಟ್ಟು ಬೆಂಕಿಗೆ ಹಾಕಿದರೆ ಅಂಚು ಮಾತ್ರ ಕರಕಲಾಗುತ್ತದೆ. ಒತ್ತಿ ಕಟ್ಟಿದ ಬೇಲಿನೊಳಗೆ ಉರಿಯಲು ಗಾಳಿಯಿರುವುದಿಲ್ಲ. ಅಮೆರಿಕದಲ್ಲಿ 2006ರಲ್ಲಿ ನಡೆದ ಬೆಂಕಿ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಗೋಡೆ ಒಂದು ಗಂಟೆಯ, ಸಿಮೆಂಟ್ ಗಿಲಾವಿನ ಗೋಡೆ ಎರಡು ಗಂಟೆಯ ದರ್ಜೆ ಪಡೆದಿವೆ. ನಿಜವಾದ ಅಪಾಯ ಕಟ್ಟುವ ದಿನಗಳಲ್ಲಿ, ಗಿಲಾವಿಗೆ ಮೊದಲು, ಕತ್ತರಿಸಿದ ಹುಲ್ಲು ನೆಲದ ತುಂಬ ಬಿದ್ದಿರುವಾಗ ಯಾರಾದರೂ ಬೀಡಿ ಹಚ್ಚಿದರೆ. ಇಲಿಗೆ ಬೇಕಾದದ್ದು ಕಾಳು. ಕಾಳುದುರಿದ ಒಣಹುಲ್ಲನ್ನು ಬಳಸಿ, ಹಸಿಮೇವನ್ನು ಬಳಸದೆ, ಗಿಲಾವಿನಲ್ಲಿ ತೂತು ಬಿಡದಿದ್ದರೆ ಅದಕ್ಕೆ ಒಳಗೆ ಕೆಲಸವಿಲ್ಲ. ಗೆದ್ದಲು ಆಲ್ಬರ್ಟಾದಂಥ ಕಡು ಚಳಿ ಸೀಮೆಯಲ್ಲಿ ಚಿಂತೆಯ ವಿಷಯವಲ್ಲ. ಸೇಡಮ್ಮಿನಲ್ಲಿ ಅದು ಚಿಂತೆಯ ವಿಷಯವೇ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಚಳಿ ಪ್ರದೇಶಗಳ ಹುಲ್ಲಿನ ಗೋಡೆಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಶಾಖತಡೆಯ ಆರ್ ಮೌಲ್ಯ ಒಂದು ಕಡೆ 17, ಇನ್ನೊಂದು ಕಡೆ 27.5, ಮತ್ತೊಂದು ಕಡೆ 30, ಮಗದೊಂದು ಕಡೆ 50ಕ್ಕೂ ಮೇಲೆ ಎಂದಿದೆ. ಯಾವುದನ್ನು ನಂಬಲಿ? ಕಲಬುರಗಿಯ ಬಿಸಿಲಿನಲ್ಲಿ ಕೂತು ಚಳಿಯ ಪ್ರಯೋಗ ಮಾಡುವುದಾದರೂ ಹೇಗೆ?
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ನಾಲ್ಕೂ ಅಂಕಿಗಳು ನಿಜವಾಗಿ ಅಳೆದವು ಇಲ್ಲವೆ ಅಳತೆಯಿಂದ ಹುಟ್ಟಿದವು, ಆದರೆ ನಾಲ್ಕರಲ್ಲೂ ಅಳೆದ ವಸ್ತು ಬೇರೆ. 50 ಮೀರಿದ ಅಂಕಿ 1993ರಲ್ಲಿ ಅರಿಜೋನಾದ ಒಂದು ಸ್ನಾತಕೋತ್ತರ ಪ್ರಬಂಧದ್ದು. ಅಲ್ಲಿ ಅಳೆದದ್ದು ಬೇಲುಗಳನ್ನು, ಕಟ್ಟಿದ ಗೋಡೆಯನ್ನಲ್ಲ, ಮತ್ತು ಆ ಮೌಲ್ಯ 23 ಇಂಚು ದಪ್ಪದ ಬೇಲಿನದು. 17 ಬಂದದ್ದು ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಮೊದಲ ಪೂರ್ಣ ಗೋಡೆಯ ಪರೀಕ್ಷೆಯಲ್ಲಿ. ಅಲ್ಲಿ ಒಳಗಡೆ ಗಿಲಾವಿನ ಬದಲು ಜಿಪ್ಸಮ್ ಹಲಗೆ ಬಡಿದಿದ್ದರು. ಹಲಗೆಗೂ ಹುಲ್ಲಿಗೂ ನಡುವೆ ಉಳಿದ ಸಂದಿನಲ್ಲಿ ಗಾಳಿ ಮೇಲೆ ಕೆಳಗೆ ಸುಳಿದು ಶಾಖವನ್ನು ಹೊತ್ತೊಯ್ಯಿತು. ಅದೇ ಪ್ರಯೋಗಾಲಯ 1998ರಲ್ಲಿ ಎರಡೂ ಕಡೆ ಹುಲ್ಲಿಗೆ ಅಂಟಿದಂತೆ ಗಿಲಾವು ಮಾಡಿ, ಚೆನ್ನಾಗಿ ಒಣಗಲು ಬಿಟ್ಟು ಅಳೆದಾಗ ಬಂದದ್ದು 27.5. 30 ಎಂಬುದು ಕ್ಯಾಲಿಫೋರ್ನಿಯಾದ ಇಂಧನ ಆಯೋಗ ಇನ್ನೂ ದಪ್ಪದ ಬೇಲುಗಳಿಗೆ ಲೆಕ್ಕಕ್ಕೆಂದು ಒಪ್ಪಿದ ಮೌಲ್ಯ.

17ಕ್ಕೂ 27.5ಕ್ಕೂ ನಡುವಿನ ಅಂತರವೇ ನಿಮ್ಮ ಪ್ರಾಜೆಕ್ಟಿನ ಮುಖ್ಯ ಪಾಠವಾಗಬೇಕೆಂದು ನನಗನಿಸುತ್ತದೆ. ಹುಲ್ಲು ಅದೇ, ದಪ್ಪ ಹೆಚ್ಚುಕಡಿಮೆ ಅದೇ. ಸಂದು ಮುಚ್ಚಿದ ಕೂಡಲೇ ಗೋಡೆಯ ಗುಣ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಕಟ್ಟುವ ಕೈಯ ಗುಣ ಇಷ್ಟು ಸ್ಪಷ್ಟವಾಗಿ ಅಂಕಿಯಲ್ಲಿ ಕಾಣಿಸಿಕೊಂಡ ಉದಾಹರಣೆಗಳು ನಮ್ಮ ವೃತ್ತಿಯಲ್ಲಿ ಕಡಿಮೆ.

ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸುವಾಗ ಎರಡು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಅಮೆರಿಕದ ಆರ್ ಮೌಲ್ಯ ಅಡಿ, ಫ್ಯಾರನ್‌ಹೀಟ್ ಲೆಕ್ಕದ್ದು, ಅದನ್ನು 5.68ರಿಂದ ಭಾಗಿಸಿದರೆ ಮಾತ್ರ ನಮ್ಮ ಮೀಟರ್ ಲೆಕ್ಕಕ್ಕೆ ಬರುತ್ತದೆ. 27.5 ಎಂದರೆ 4.84. ಎರಡನೆಯದು, ಬೇಲನ್ನು ಮಲಗಿಸಿದ್ದಾರೋ ಅಂಚಿನ ಮೇಲೆ ನಿಲ್ಲಿಸಿದ್ದಾರೋ ನೋಡಬೇಕು. ಶಾಖ ಹುಲ್ಲಿನ ದಂಟಿನ ಉದ್ದಕ್ಕೆ ಹರಿಯುವುದು ಸುಲಭ, ದಂಟುಗಳನ್ನು ಅಡ್ಡ ದಾಟುವುದು ಕಷ್ಟ. ಅದಕ್ಕೇ ಅಂಚಿನ ಮೇಲೆ ನಿಲ್ಲಿಸಿದ ಬೇಲಿನ ಗೋಡೆ ದಪ್ಪದಲ್ಲಿ ಕಡಿಮೆಯಿದ್ದರೂ ಶಾಖ ತಡೆಯುವುದರಲ್ಲಿ ಮಲಗಿಸಿದ್ದರ ಹತ್ತಿರಕ್ಕೇ ಬರುತ್ತದೆ.

ಇನ್ನು ಪ್ರಯೋಗ. ಕಲಬುರಗಿಯ ಬಿಸಿಲು ನಿಮಗೆ ಅಡ್ಡಿಯಲ್ಲ, ಅನುಕೂಲ. ಗೋಡೆಗೆ ಗೊತ್ತಾಗುವುದು ಎರಡು ಮೈಗಳ ನಡುವಿನ ವ್ಯತ್ಯಾಸವೇ ಹೊರತು ಚಳಿ ಯಾವ ಕಡೆಯಿದೆ ಎಂಬುದಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇರುವಾಗ ಹುಲ್ಲಿನ ಗೋಡೆಯ ಪೆಟ್ಟಿಗೆಯೊಳಗೆ ಮಂಜುಗಡ್ಡೆ ಇಟ್ಟರೆ, ಒಳಗೆ 20 ಹೊರಗೆ ಸೊನ್ನೆಗಿಂತ 22 ಕೆಳಗೆ ಇರುವ ಮನೆಯ ಗೋಡೆ ಎದುರಿಸುವ ವ್ಯತ್ಯಾಸವೇ ನಿಮ್ಮ ಕೈಗೆ ಬಂದಂತಾಯಿತು. ಬಿಸಿಯಾದ ಹುಲ್ಲು ಶಾಖವನ್ನು ತುಸು ಹೆಚ್ಚು ಸಾಗಿಸುವುದರಿಂದ ನಿಮ್ಮ ಫಲಿತಾಂಶ ನಿಜವಾದ ಚಳಿಯ ಗೋಡೆಗಿಂತ ಸ್ವಲ್ಪ ಕೀಳಾಗಿಯೇ ಬರುತ್ತದೆ, ಅದನ್ನು ವರದಿಯಲ್ಲಿ ಬರೆಯಿರಿ. ಮಂಜುಗಡ್ಡೆ ಮಾರುವವರು ಅದನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಗೋಣಿ ಹೊದಿಸುವುದನ್ನು ನೋಡಿಯೇ ಇರುತ್ತೀರಿ; ಅದಕ್ಕೆ ಲೆಕ್ಕ ಬರೆಯುವುದಷ್ಟೇ ನಿಮ್ಮ ಕೆಲಸ.

ಒಂದು ಕಿಲೊ ಮಂಜುಗಡ್ಡೆ ಕರಗಲು 334 ಕಿಲೊಜೂಲ್ ಶಾಖ ಬೇಕು. ಅಂದರೆ ಗೋಡೆಗಳ ಮೂಲಕ 10 ವ್ಯಾಟ್ ಶಾಖ ಇಡೀ ದಿನ ಒಳಗೆ ಬಂದರೆ ಸುಮಾರು 2.6 ಕಿಲೊ ಕರಗುತ್ತದೆ. ಪೆಟ್ಟಿಗೆಯ ತಳದಿಂದ ಸಣ್ಣ ನಳಿಕೆ ಹೊರತಂದು, ಅದನ್ನು ಬಗ್ಗಿಸಿ ಗಾಳಿ ಒಳಹೋಗದಂತೆ ನೀರಿನ ಮುಚ್ಚಿಗೆ ಮಾಡಿ, ಕರಗಿದ ನೀರನ್ನು ಗಂಟೆಗೊಮ್ಮೆ ತೂಗಿ ಬರೆದಿಟ್ಟರೆ ಶಾಖದ ಲೆಕ್ಕ ತಾನಾಗಿಯೇ ಬರುತ್ತದೆ. ಮೊದಲ ಎರಡು ದಿನದ ಅಂಕಿಗಳನ್ನು ಕೈಬಿಡಿ, ಆಗ ಹುಲ್ಲೇ ತಣ್ಣಗಾಗುತ್ತಿರುತ್ತದೆ. ಬರೀ ಬೇಲು, ಸಂದು ಬಿಟ್ಟು ಹಲಗೆ ಬಡಿದ ಬೇಲು, ಗಿಲಾವು ಅಂಟಿಸಿದ ಬೇಲು ಎಂದು ಮೂರು ಸಲ ಮಾಡಿದರೆ ಓಕ್ ರಿಜ್ಜಿನ ಕಥೆ ನಿಮ್ಮ ಕಾಲೇಜಿನ ಅಂಗಳದಲ್ಲಿಯೇ ಮತ್ತೊಮ್ಮೆ ನಡೆಯಬೇಕು. ಮುಗಿದ ಮೇಲೆ ಬೇಲುಗಳನ್ನು ಬಿಚ್ಚಿ ತೂಗುವುದನ್ನು ಮರೆಯಬೇಡಿ. ಇಲ್ಲಿ ಹಬೆ ಹೊರಗಿನಿಂದ ಒಳಕ್ಕೆ ನಡೆದು ಮಂಜುಗಡ್ಡೆಯ ಕಡೆಯ ಹುಲ್ಲಿನಲ್ಲಿ ನೀರಾಗಿರುತ್ತದೆ, ಎಷ್ಟು ಗ್ರಾಂ ಎಂದು ತೂಕವೇ ಹೇಳುತ್ತದೆ. ಹುಮನಾಬಾದಿನ ಮೇಸ್ತ್ರಿಯವರಿಗೆ ಕೊಟ್ಟ ಉತ್ತರವನ್ನು ಓದಿಕೊಂಡು ಈ ಭಾಗಕ್ಕೆ ಕೈಹಾಕಿ.

ಪ್ರಶ್ನೆ: ನಮ್ಮ ಕಡೆ ಕಾಲುವೆ ನೀರು ಬಂದ ಮೇಲೆ ಭತ್ತ ಹೆಚ್ಚಾಗಿ ಹುಲ್ಲು ಹೊಲದಲ್ಲೇ ಸುಡುವವರೂ ಇದ್ದಾರೆ. ಮನೆ ಕಟ್ಟಲು ಆ ಹುಲ್ಲು ನಡೆಯುತ್ತದೆಯೇ? ಜೋಳದ ಕಣಕಿ, ತೊಗರಿ ಕಟ್ಟಿಗೆ?
(ರೈತರು, ಸುರಪುರ ತಾಲ್ಲೂಕು)

ಉತ್ತರ: ಭತ್ತದ ಹುಲ್ಲು ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಅದರಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚಾಗಿರುವುದರಿಂದ ಗೋಧಿ ಹುಲ್ಲಿಗಿಂತ ನಿಧಾನವಾಗಿ ಕೊಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1991ರ ಕಾನೂನು ಭತ್ತದ ಹುಲ್ಲು ಸುಡುವುದಕ್ಕೆ ಹಂತಹಂತವಾಗಿ ಕಡಿವಾಣ ಹಾಕಿದ ಮೇಲೆ ಅಲ್ಲಿಯ ಹುಲ್ಲಿನಲ್ಲಿ ಒಂದು ಸಣ್ಣ ಪಾಲು ಮನೆಗಳ ಗೋಡೆಗೆ ಹೋಯಿತು. ಸಣ್ಣ ಪಾಲು ಎಂಬ ಮಾತನ್ನು ಗಮನಿಸಿ.

ಜೋಳದ ಕಣಕಿ ಬೇಡ. ಅದು ದಪ್ಪ, ಒಳಗೆ ಸಿಹಿಯಾದ ತಿರುಳು, ಒತ್ತಿದರೂ ನಡುವೆ ಗಾಳಿ ಉಳಿಯುತ್ತದೆ, ಹುಳವೂ ಬೇಗ ಬೀಳುತ್ತದೆ. ಜೊತೆಗೆ ನಮ್ಮ ಸೀಮೆಯಲ್ಲಿ ದನದ ಬಾಯಿಂದ ಕಣಕಿ ಕಿತ್ತು ಗೋಡೆಗೆ ಹಾಕಿದವರನ್ನು ಯಾರೂ ಮೆಚ್ಚುವುದಿಲ್ಲ. ತೊಗರಿ ಕಟ್ಟಿಗೆ ಒಲೆಗೇ ಸರಿ.

ಈಗ ಟ್ರ್ಯಾಕ್ಟರಿನ ಹಿಂದೆ ಬರುವ ಯಂತ್ರಗಳಲ್ಲಿ ಹುಲ್ಲನ್ನು ಚಾಪೆಯಂತೆ ಸುತ್ತಿ ದುಂಡನೆಯ ಉರುಳೆ ಮಾಡುವವೇ ಹೆಚ್ಚು. ಆ ಉರುಳೆ ಗೋಡೆಗೆ ಕೆಲಸಕ್ಕೆ ಬಾರದು. ಚೌಕದ ಬೇಲು ಬೇಕು, ದಾರದ ಕೆಳಗೆ ಬೆರಳು ತೂರದಷ್ಟು ಬಿಗಿ ಇರಬೇಕು, ಒಣಗಿದ ಲೆಕ್ಕದಲ್ಲಿ ಘನ ಮೀಟರಿಗೆ 104 ಕಿಲೊಗಿಂತ ಕಡಿಮೆ ಇರಬಾರದು ಎಂದು ನಾನು ಮೇಲೆ ಹೇಳಿದ ಸಂಹಿತೆ ಕೇಳುತ್ತದೆ. 45 ಸೆಂಟಿಮೀಟರ್ ದಪ್ಪದ 100 ಚದರ ಮೀಟರ್ ಗೋಡೆಗೆ 45 ಘನ ಮೀಟರ್, ಅಂದರೆ ಸುಮಾರು 5 ಟನ್ ಹುಲ್ಲು. ಎಕರೆಗೆ 25 ಕ್ವಿಂಟಾಲ್ ಭತ್ತ ಬರುವ ಹೊಲದಲ್ಲಿ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಗುವುದರಿಂದ ಎರಡು ಎಕರೆಯ ಹುಲ್ಲಿಗೆ ಒಂದು ಮನೆಯ ಗೋಡೆ ಎನ್ನಬಹುದು. ಇದನ್ನು ಓದಿ ಯಾರೂ ಬೇಲ್ ಯಂತ್ರಕ್ಕೆ ಸಾಲ ಮಾಡಬಾರದು. ಈ ಹುಲ್ಲು ಬೇಕಾದ ಮನೆಗಳು ಚಳಿ ಸೀಮೆಯಲ್ಲಿವೆ, ಅಲ್ಲಿ ಗೋಧಿ, ಬಾರ್ಲಿಯ ಹುಲ್ಲು ಅವರ ಹೊಲದಲ್ಲೇ ಬಿದ್ದಿರುತ್ತದೆ. ಸುರಪುರದ ಹುಲ್ಲಿಗೆ ಬೇಸಿಗೆಯಲ್ಲಿ ದನ ಸಾಕುವವರೇ ಒಳ್ಳೆಯ ಗಿರಾಕಿಗಳು.

ಪ್ರಶ್ನೆ: ನಾನು ಸೈನಿಕ, ಲಡಾಖಿನಲ್ಲಿ ಕೆಲಸ, ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಅಲ್ಲಿಯ ಹಳ್ಳಿಗಳಿಗೆ ಈ ಪದ್ಧತಿ ಹೊಂದುತ್ತದೆಯೇ? ಭೂಕಂಪಕ್ಕೆ ತಾಳುತ್ತದೆಯೇ?
(ಓದುಗರು, ಗುರುಮಠಕಲ್)

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಹುಲ್ಲಿನ ಗೋಡೆ ಹಗುರ, ಬಾಗುತ್ತದೆ, ಕಲ್ಲಿನ ಗೋಡೆಯಂತೆ ಮೈಮೇಲೆ ಬೀಳುವುದಿಲ್ಲ. 2005ರ ಕಾಶ್ಮೀರ ಭೂಕಂಪದ ಬಳಿಕ ಪಾಕಿಸ್ತಾನದ ಗುಡ್ಡಗಾಡಿನಲ್ಲಿ ಕಡಿಮೆ ಖರ್ಚಿನ ಇಂಥ ಮನೆಗಳನ್ನು ಕಟ್ಟಿದ ಒಂದು ಸಂಸ್ಥೆ, ಅದೇ ಮಾದರಿಯ ಪೂರ್ಣ ಗಾತ್ರದ ಮನೆಯನ್ನು 2009ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಕಂಪನ ವೇದಿಕೆಯ ಮೇಲೆ ನಿಲ್ಲಿಸಿ ಅಲುಗಾಡಿಸಿ ನೋಡಿತು. ಗಿಲಾವು ಬಿರಿಯಿತು, ಮನೆ ಬೀಳಲಿಲ್ಲ. ಚೀನಾದ ಈಶಾನ್ಯ ಭಾಗದ ಕಡು ಚಳಿಯ ಹಳ್ಳಿಗಳಲ್ಲಿ ಹುಲ್ಲಿನ ಬೇಲುಗಳಿಂದ 600ಕ್ಕೂ ಹೆಚ್ಚು ಮನೆಗಳಾಗಿವೆ, ಆ ಯೋಜನೆಗೆ 2005ರಲ್ಲಿ ವಿಶ್ವ ವಸತಿ ಪ್ರಶಸ್ತಿಯೂ ಸಂದಿದೆ.

ಲಡಾಖಿಗೆ ಹೊಂದುತ್ತದೆಯೇ ಎಂಬುದು ಬೇರೆ ಮಾತು. ತೇವದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಸೇರಿ 100 ಮಿಲಿಮೀಟರಿನ ಆಸುಪಾಸು, ನಮ್ಮ ಯಾದಗಿರಿಯ ಒಂದು ಒಳ್ಳೆಯ ವಾರದ ಮಳೆ. ಆದರೆ ಅಲ್ಲಿ ಚಳಿಗಾಲದಲ್ಲೂ ಹಗಲು ಬಿಸಿಲು ಚುರುಕಾಗಿರುತ್ತದೆ. ದಕ್ಷಿಣಕ್ಕೆ ದೊಡ್ಡ ಗಾಜು ಇಟ್ಟು, ಆ ಬಿಸಿಲಿನ ಶಾಖವನ್ನು ದಪ್ಪ ಮಣ್ಣಿನ ಗೋಡೆಯಲ್ಲಿ ತುಂಬಿಸಿಟ್ಟುಕೊಂಡು ರಾತ್ರಿ ಬಳಸುವುದು ಅಲ್ಲಿಯ ಜಾಣತನ. ಲೇಹ್ ಸಮೀಪದ ಫೇ ಗ್ರಾಮದಲ್ಲಿರುವ ಸೆಕ್ಮೋಲ್ ಎಂಬ ಶಿಕ್ಷಣ ಸಂಸ್ಥೆಯ ಆವರಣವನ್ನು ನೀವು ನೋಡಿರಬಹುದು, ಅದು ಹಾಗೆ ಕಟ್ಟಿದ್ದು. ಹುಲ್ಲು ಶಾಖವನ್ನು ತಡೆಯುತ್ತದೆ, ತುಂಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಬಿಸಿಲು ಬೀಳದ ಉತ್ತರದ ಗೋಡೆಯಲ್ಲಿ ಮಣ್ಣು ಒಳಗಡೆ, ಹುಲ್ಲು ಅದರ ಹೊರಗಡೆ ಬರುವಂತೆ ಕೂಡಿಸಿದರೆ ಮಾತ್ರ ಅದಕ್ಕೆ ಅಲ್ಲಿ ಅರ್ಥ.

ಅದಕ್ಕೂ ಒಂದು ಮನೆಗೆ ಟನ್ನುಗಟ್ಟಲೆ ಹುಲ್ಲು ಬೇಕು, ಲಡಾಖಿನಲ್ಲಿ ಹುಲ್ಲೆಂದರೆ ಚಳಿಗಾಲದ ಮೇವು. ಕಣಿವೆ ದಾಟಿಸಿ ಲಾರಿಯಲ್ಲಿ ತರಿಸಿದರೆ ಸಾಗಣೆಯ ಖರ್ಚೇ ಹುಲ್ಲಿನ ಬೆಲೆಯನ್ನು ನುಂಗುತ್ತದೆ. ಅಲ್ಲಿಯ ಜನ ಮೇವನ್ನು ಮಾಳಿಗೆಯ ಅಂಚಿನ ಸುತ್ತ ಒಟ್ಟಿಡುವುದನ್ನು ನೀವು ದಿನವೂ ಕಾಣುತ್ತೀರಿ. ರಜೆ ಮುಗಿಸಿ ಹೋದ ಮೇಲೆ, ಮಾರ್ಚ್ ತಿಂಗಳ ಹೊತ್ತಿಗೆ ಹಳ್ಳಿಯ ನಾಲ್ಕಾರು ಮನೆಗಳ ಮಾಳಿಗೆಯ ಮೇಲೆ ಎಷ್ಟು ಹುಲ್ಲು ಉಳಿದಿದೆ ಎಂದು ನೋಡಿ ನನಗೆ ಒಂದು ಪತ್ರ ಹಾಕಿ. ಉಳಿದಿದ್ದರೆ ಗೋಡೆಯ ಲೆಕ್ಕವನ್ನು ಆಗ ಹಾಕೋಣ.